ಇಬ್ಬರು ಪೊಲೀಸರು, ಒಂದು ಜೀಪು: ಈ ಜೋಡಿ ಸಿನಿಮಾಗಳು ಯಾಕೆ ಇಷ್ಟು ಹಿಡಿಸುತ್ತವೆ?

ಕಾಳಿದಂಡೆ, ಕಾರವಾರ

ನಮಸ್ಕಾರ ಎಲ್ಲರಿಗೂ. ನಾವು ಒಂದಷ್ಟು ಗೆಳೆಯ ಗೆಳತಿಯರು ಸೇರಿ ಕಾರವಾರದಲ್ಲೇ ಒಂದು ಕಿರುಚಿತ್ರ ಮಾಡಲು ಹೊರಟಿದ್ದೇವೆ. ಅರ್ಧ ಗಂಟೆಯದು. ಇಬ್ಬರು ಪೊಲೀಸರ ಕಥೆ. ಹೊಡೆದಾಟವೂ ಬೇಕು, ನಗುವೂ ಬೇಕು. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ, ಖುಷಿಯಿಂದಲೇ ಒಪ್ಪಿಕೊಂಡಿದ್ದೇನೆ.

ಈ ಥರದ ಸಿನಿಮಾ ಅಂದರೆ ನನಗೆ ಮೊದಲಿಂದಲೂ ಪ್ರಾಣ. 1998ರ 'ರಶ್ ಅವರ್' ಟಿವಿಯಲ್ಲಿ ಬಂದರೆ ಈಗಲೂ ರಿಮೋಟ್ ಕೆಳಗಿಡುತ್ತೇನೆ. ಜಾಕಿ ಚಾನ್ ಹಾಂಗ್‌ಕಾಂಗ್‌ನಿಂದ ಬಂದ ಪೊಲೀಸ್, ಕ್ರಿಸ್ ಟಕ್ಕರ್ ಲಾಸ್ ಏಂಜಲೀಸ್‌ನ ಪೊಲೀಸ್. ಒಬ್ಬ ಬಾಯಿ ಬಿಡುವುದಿಲ್ಲ, ಇನ್ನೊಬ್ಬ ಬಾಯಿ ಮುಚ್ಚುವುದಿಲ್ಲ. ಕಥೆ ಕೇಳಿದರೆ ಎರಡೇ ಮಾತು. ಚೀನಾದ ಕಾನ್ಸುಲ್ (ರಾಜತಾಂತ್ರಿಕ ಅಧಿಕಾರಿ) ಒಬ್ಬರ ಮಗಳನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ, ಎಫ್‌ಬಿಐನವರಿಗೆ ಬೇಡವಾದ ಈ ಇಬ್ಬರು ಹುಡುಕುತ್ತಾರೆ. ಹುಡುಗಿ ಸಿಕ್ಕೇ ಸಿಗುತ್ತಾಳೆ ಅಂತ ನಮಗೆ ಮೊದಲೇ ಗೊತ್ತು. ಆದರೂ ಎದ್ದು ಹೋಗಲು ಮನಸ್ಸಾಗುವುದಿಲ್ಲ. 'ಬ್ಯಾಡ್ ಬಾಯ್ಸ್' 1995ರಲ್ಲಿ ಶುರುವಾಗಿ 2024ರಲ್ಲಿ ನಾಲ್ಕನೇ ಭಾಗ ಬಂತು. ನಾಲ್ಕರಲ್ಲೂ ವಿಲನ್ ಯಾರು ಅಂತ ಕೇಳಿದರೆ ಎಷ್ಟು ಜನ ಹೇಳುತ್ತಾರೆ? ವಿಲ್ ಸ್ಮಿತ್, ಮಾರ್ಟಿನ್ ಲಾರೆನ್ಸ್ ಕಾರಿನಲ್ಲಿ ಕೂತು ಜಗಳ ಆಡಿದ್ದು ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ನನ್ನ ಕಥೆ ಹೀಗಿದೆ. ಸದಾಶಿವಗಡದ ಕಡೆಯ ಒಬ್ಬ ಎಎಸ್ಐ (ಸಹಾಯಕ ಸಬ್ ಇನ್ಸ್‌ಪೆಕ್ಟರ್), ಇನ್ನೇನು ರಿಟೈರ್ ಆಗುವವರು. ಕಲಬುರಗಿಯಿಂದ ಹೊಸದಾಗಿ ಬಂದ ಪಿಎಸ್ಐ (ಪೊಲೀಸ್ ಸಬ್ ಇನ್ಸ್‌ಪೆಕ್ಟರ್), ಸಮುದ್ರ ನೋಡಿಯೇ ಇಲ್ಲ. ಮಾಜಾಳಿ ಗಡಿ ದಾಟಿ ಗೋವಾ ಮದ್ಯ ಬರುತ್ತಿದೆ, ರಸ್ತೆಯಿಂದ ಅಲ್ಲ, ದೋಣಿಯಲ್ಲಿ. ಇಬ್ಬರೂ ಸೇರಿ ಹಿಡಿಯಬೇಕು.

ಬರೆದದ್ದನ್ನು ಗೆಳೆಯರ ಮುಂದೆ ಓದಿದೆ. ಮಾತುಕತೆಗೆ ಎಲ್ಲರೂ ನಕ್ಕರು. ದೋಣಿ ಬೆನ್ನಟ್ಟುವ ಸೀನ್ ಬಂದ ಕೂಡಲೇ ಒಬ್ಬೊಬ್ಬರಾಗಿ ಮೊಬೈಲ್ ನೋಡತೊಡಗಿದರು. ನಗುವಿನ ಭಾಗ ಒಂದು ಸಿನಿಮಾ, ಹೊಡೆದಾಟದ ಭಾಗ ಇನ್ನೊಂದು ಸಿನಿಮಾ ಅನ್ನಿಸುತ್ತಿದೆ. ಇವೆರಡನ್ನೂ ಹಿಡಿದಿಡುವುದು ಏನು? ಕನ್ನಡದಲ್ಲಿ ಇಂಥವು ಯಾಕೆ ಇಷ್ಟು ಕಡಿಮೆ? ನೋಡಿ ಪಳಗಿದವರು ದಯವಿಟ್ಟು ಹೇಳಿ.

ಕ್ಯಾಸೆಟ್ ಅಂಗಡಿ, ಶಿರಸಿ

ತಂಗೀ, ಇದು ನನಗೆ ತುಂಬಾ ಹತ್ತಿರದ ವಿಷಯ, ಹಾಗಾಗಿ ಉದ್ದ ಬರೆಯುತ್ತೇನೆ.

ದೇವಿಕೆರೆ ಹತ್ತಿರ ನನ್ನದೊಂದು ಕ್ಯಾಸೆಟ್ ಲೈಬ್ರರಿ ಇತ್ತು. ಮೊದಲು ವಿಎಚ್ಎಸ್, ಆಮೇಲೆ ವಿಸಿಡಿ, ಡಿವಿಡಿ. ಈಗ ಅದೇ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಅಡಿಕೆ ಹಾಕಲು ಪೇಟೆಗೆ ಬಂದವರು ವಾಪಸು ಹೋಗುವಾಗ ಒಂದೆರಡು ಸಿನಿಮಾ ಒಯ್ಯುತ್ತಿದ್ದರು. ವಿಸಿಡಿ ಅಂದರೆ ಒಂದು ಸಿನಿಮಾಕ್ಕೆ ಎರಡು ತಟ್ಟೆ. ಮೊದಲರ್ಧ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ವಾಪಸು ಬಂದಾಗ ಒರೆಸಿ ಇಡುವುದು ನನ್ನ ಕೆಲಸ. ಸಾಮಾನ್ಯ ಫೈಟಿಂಗ್ ಸಿನಿಮಾಗಳಲ್ಲಿ ಎರಡನೇ ತಟ್ಟೆ ಜಾಸ್ತಿ ಸವೆದಿರುತ್ತಿತ್ತು, ಕ್ಲೈಮ್ಯಾಕ್ಸ್ ತಿರುಗಿಸಿ ತಿರುಗಿಸಿ ನೋಡಿದ ಗೀರುಗಳು. ಈ ಜೋಡಿ ಪೊಲೀಸ್ ಸಿನಿಮಾಗಳಲ್ಲಿ ಮೊದಲನೇ ತಟ್ಟೆ ಸವೆಯುತ್ತಿತ್ತು. ಇಂಗ್ಲಿಷ್ ಬಾರದವರ ಮನೆಯಿಂದ ಬಂದದ್ದೂ ಹಾಗೇ. ಆಗ ನನಗೆ ಅರ್ಥವಾಯಿತು. ಜನ ಇಷ್ಟಪಡುವುದು ಇಬ್ಬರೂ ಒಬ್ಬರನ್ನೊಬ್ಬರು ಸಹಿಸಲಾರದೆ ಒದ್ದಾಡುವ ಆ ಮೊದಲ ಒಂದು ಗಂಟೆಯನ್ನು. ಕಳ್ಳನನ್ನು ಹಿಡಿಯುವುದು ಇವರಿಬ್ಬರನ್ನು ಒಂದು ಕಾರಿನಲ್ಲಿ ಕೂರಿಸಲು ಸಿಕ್ಕ ನೆಪ ಅಷ್ಟೇ.

ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ನಗು, ಹೊಡೆದಾಟ ಎರಡನ್ನೂ ಹಿಡಿದಿಡುವುದು ಅವರ ಜಗಳ. ಹೊಡೆದಾಟ ಶುರುವಾದಾಗ ಜಗಳ ನಿಂತುಹೋದರೆ ಸಿನಿಮಾ ಸತ್ತಿತು ಅಂತಲೇ ತಿಳಿದುಕೋ. ಗುಂಡು ಹಾರುತ್ತಿರುವಾಗಲೂ ಆ ಜಗಳ ಮುಂದುವರಿಯಬೇಕು.

1987ರ 'ಲೀಥಲ್ ವೆಪನ್' ನೋಡು. ಬರೆದವನು ಶೇನ್ ಬ್ಲ್ಯಾಕ್, ನಿರ್ದೇಶನ ರಿಚರ್ಡ್ ಡಾನರ್. ಡ್ಯಾನಿ ಗ್ಲೋವರ್ ಮಾಡಿದ ಮರ್ಟೋಗೆ ಅವತ್ತೇ 50 ತುಂಬಿದೆ. ಹೆಂಡತಿ, ಮಕ್ಕಳು, ಸ್ವಂತ ಮನೆ ಎಲ್ಲ ಇದೆ. ಮೆಲ್ ಗಿಬ್ಸನ್ ಮಾಡಿದ ರಿಗ್ಸ್ ಹೆಂಡತಿ ಕಳೆದುಕೊಂಡವನು, ಕಡಲ ದಂಡೆಯಲ್ಲಿ ಒಂದು ಟ್ರೇಲರ್‌ನಲ್ಲಿ ನಾಯಿ ಜೊತೆ ಇರುತ್ತಾನೆ, ಬದುಕುವ ಆಸೆಯೇ ಇಲ್ಲ. ಇವರಿಬ್ಬರು ಜೊತೆಯಾದ ಸ್ವಲ್ಪ ಹೊತ್ತಿಗೆ ಒಬ್ಬ ಮನುಷ್ಯ ಕಟ್ಟಡದ ಮೇಲೆ ಹತ್ತಿ ಹಾರುತ್ತೇನೆ ಅಂತ ನಿಂತಿರುತ್ತಾನೆ. ರಿಗ್ಸ್ ಮೇಲೆ ಹೋಗುತ್ತಾನೆ. ಸಮಾಧಾನದ ಮಾತಾಡುತ್ತ ಆಡುತ್ತ ಬೇಡಿ ತೆಗೆದು ತನ್ನ ಕೈಗೂ ಅವನ ಕೈಗೂ ಸೇರಿಸಿ ಹಾಕಿಬಿಡುತ್ತಾನೆ. ಈಗ ಆ ಮನುಷ್ಯನಿಗೇ ಹೆದರಿಕೆ. ರಿಗ್ಸ್ ಅವನನ್ನೂ ಎಳೆದುಕೊಂಡು ಹಾರುತ್ತಾನೆ, ಕೆಳಗೆ ಗಾಳಿ ತುಂಬಿದ ದೊಡ್ಡ ಹಾಸಿಗೆ ಇದೆ, ಇಬ್ಬರೂ ಬದುಕುತ್ತಾರೆ. ನಾವು ನಗುತ್ತೇವೆ. ಮರುಕ್ಷಣ ಮರ್ಟೋ ಅವನನ್ನು ಒಳಗೆ ಎಳೆದೊಯ್ದು ನಿಜವಾಗಿ ಸಾಯಬೇಕು ಅಂತ ಇದೆಯಾ ನಿನಗೆ ಅಂತ ಕೇಳುತ್ತಾನೆ. ಆಗ ರಿಗ್ಸ್ ಮುಖ ನೋಡಬೇಕು. ನಮ್ಮ ನಗು ಗಂಟಲಲ್ಲೇ ನಿಲ್ಲುತ್ತದೆ. ಒಂದೇ ಸೀನ್‌ನಲ್ಲಿ ಸಾಹಸ, ತಮಾಷೆ, ದುಃಖ ಮೂರೂ ಬಂದವು, ಯಾವುದನ್ನೂ ಬೇರೆ ತಂದು ಅಂಟಿಸಿಲ್ಲ. ಒಬ್ಬನಿಗೆ ಕಳೆದುಕೊಳ್ಳಲು ಎಲ್ಲವೂ ಇದೆ, ಇನ್ನೊಬ್ಬನಿಗೆ ಏನೂ ಇಲ್ಲ. ಆ ಹಾರಾಟ ಅದನ್ನೇ ಹೇಳುತ್ತದೆ.

ಈ ಅಚ್ಚು ಅದಕ್ಕೂ ಹಳೆಯದು. 1949ರಲ್ಲಿ ಜಪಾನಿನ ನಿರ್ದೇಶಕ ಕುರೊಸಾವಾ ಮಾಡಿದ 'ಸ್ಟ್ರೇ ಡಾಗ್' ಇದೆ. ಹೊಸ ಪತ್ತೇದಾರನ ಪಿಸ್ತೂಲು ಕಳುವಾಗುತ್ತದೆ, ಹಿರಿಯ ಅಧಿಕಾರಿಯ ಜೊತೆ ಟೋಕಿಯೋದ ಸುಡುಬಿಸಿಲಿನಲ್ಲಿ ಹುಡುಕುತ್ತ ತಿರುಗುತ್ತಾನೆ. ಅದರಲ್ಲಿ ನಗು ಕಡಿಮೆ, ಆದರೆ ಹಿರಿಯ ಕಿರಿಯರ ಜೋಡಿ ಅಲ್ಲೇ ಇದೆ. 1967ರ 'ಇನ್ ದ ಹೀಟ್ ಆಫ್ ದ ನೈಟ್'ನಲ್ಲಿ ಕರಿಯ ಅಧಿಕಾರಿ, ಸಣ್ಣ ಊರಿನ ಬಿಳಿಯ ಪೊಲೀಸ್ ಮುಖ್ಯಸ್ಥ. ಅದಕ್ಕೆ ಆಸ್ಕರ್ ಬಂತು. ನಗುವನ್ನು ಇದರೊಳಗೆ ಗಟ್ಟಿಯಾಗಿ ಕೂರಿಸಿದ್ದು 1982ರ '48 ಅವರ್ಸ್'. ನಿಕ್ ನೋಲ್ಟಿ ಪೊಲೀಸ್, ಎಡ್ಡಿ ಮರ್ಫಿ 48 ಗಂಟೆ ಮಟ್ಟಿಗೆ ಜೈಲಿನಿಂದ ಹೊರಗೆ ತಂದ ಕೈದಿ. ಮರ್ಫಿಗೆ ಅದೇ ಮೊದಲ ಸಿನಿಮಾ. ಬಿಳಿಯರೇ ತುಂಬಿದ ಒಂದು ಬಾರ್‌ಗೆ ಆತ ನೋಲ್ಟಿಯ ಬ್ಯಾಡ್ಜ್ ಹಿಡಿದುಕೊಂಡು ನುಗ್ಗುತ್ತಾನೆ, ಪೊಲೀಸ್ ಅಂತ ಎಲ್ಲರನ್ನೂ ನಡುಗಿಸುತ್ತಾನೆ. ಅಷ್ಟು ಹೊತ್ತು ಯಾರ ಕೈ ಕೆಳಗಿದ್ದನೋ ಅವರ ಅಧಿಕಾರ ಅವನ ಕೈಗೆ ಬಂದಿದೆ. ಹಿಂದೆ ನಿಂತ ನೋಲ್ಟಿ ಸುಮ್ನೆ ನೋಡುತ್ತಿರುತ್ತಾನೆ. ಆ ಮೇಲೆ ಇವನು ಮರ್ಫಿಯನ್ನು ಮೊದಲಿನ ಕಣ್ಣಿನಿಂದ ನೋಡಲು ಸಾಧ್ಯವೇ ಇಲ್ಲ. ಇಂಥ ಜಾಗ ನಿನ್ನ ಕಥೆಯಲ್ಲಿ ಎಲ್ಲಿದೆ ಅಂತ ಹುಡುಕು.

ಇನ್ನೊಂದು ಸಂಗತಿ ಹೇಳಲೇಬೇಕು. 1984ರ 'ಬೆವರ್ಲಿ ಹಿಲ್ಸ್ ಕಾಪ್' ಮೊದಲು ಸಿಲ್ವೆಸ್ಟರ್ ಸ್ಟಲೋನ್ ಮಾಡಬೇಕಾಗಿದ್ದ ಸಿನಿಮಾ. ಆತ ಸ್ಕ್ರಿಪ್ಟನ್ನು ತನಗೆ ಬೇಕಾದ ಹಾಗೆ ತಿದ್ದಿ ಬರೀ ಹೊಡೆದಾಟ ತುಂಬಿದ. ಕೊನೆಗೆ ಆತ ಹೊರಟ, ಮರ್ಫಿ ಬಂದ. ಸ್ಟಲೋನ್ ಆ ಯೋಚನೆಗಳನ್ನು 1986ರ 'ಕೋಬ್ರಾ'ಗೆ ಒಯ್ದ. ನನ್ನ ಅಂಗಡಿಯಲ್ಲಿ ಎರಡೂ ಇದ್ದವು. ಒಂದನ್ನು ಜನ ಕೇಳಿ ಕೇಳಿ ಒಯ್ಯುತ್ತಿದ್ದರು, ಇನ್ನೊಂದು ಕಪಾಟಿನಲ್ಲೇ ಇರುತ್ತಿತ್ತು. ಮರ್ಫಿ ತನ್ನ ಮೇಲೆ ಕಣ್ಣಿಡಲು ಕಾರಿನಲ್ಲಿ ಕೂತ ಇಬ್ಬರು ಪೊಲೀಸರಿಗೆ ಹೋಟೆಲಿನಿಂದ ಊಟ ಕಳಿಸುತ್ತಾನೆ. ಅವರು ತಿನ್ನುತ್ತಿರುವಾಗ ಕಾರಿನ ಹೊಗೆ ಕೊಳವೆಗೆ ಬಾಳೆಹಣ್ಣು ತುರುಕಿ ಹೊರಟುಹೋಗುತ್ತಾನೆ. ಕಾರು ಮುಂದಕ್ಕೆ ಹೋಗುವುದಿಲ್ಲ. ಒಂದು ಗುಂಡೂ ಹಾರಲಿಲ್ಲ. ಅದೂ ಆಕ್ಷನ್ ಸೀನೇ.

ಕನ್ನಡದಲ್ಲಿ ಯಾಕೆ ಕಡಿಮೆ ಅಂದರೆ, ನಮ್ಮಲ್ಲಿ ಬಹಳ ಕಾಲ ನಗಿಸುವ ಕೆಲಸವನ್ನು ಕಾಮಿಡಿ ಟ್ರ್ಯಾಕ್‌ಗೆ ಬಿಟ್ಟುಕೊಟ್ಟೆವು. ಹೀರೋ ಪೊಲೀಸ್ ಆದರೆ ಗರ್ಜಿಸಬೇಕು. 1988ರ 'ಸಾಂಗ್ಲಿಯಾನ'ದಲ್ಲಿ ಶಂಕರ್ ನಾಗ್, 1996ರ 'ಪೊಲೀಸ್ ಸ್ಟೋರಿ'ಯಲ್ಲಿ ಸಾಯಿಕುಮಾರ್. ಎರಡೂ ನನಗೆ ಪ್ರೀತಿಯವು. ಆದರೆ ಅವು ಒಬ್ಬನ ಸಿನಿಮಾ. ಜೋಡಿ ಸಿನಿಮಾದಲ್ಲಿ ಇಬ್ಬರೂ ಹೀರೋ ಆಗಬೇಕು, ಇಬ್ಬರೂ ಪೆದ್ದರೂ ಆಗಬೇಕು, ಸರದಿಯ ಮೇಲೆ. ಹೀರೋ ಪೆದ್ದನಾಗುವುದನ್ನು ನಮ್ಮಲ್ಲಿ ಎಲ್ಲರೂ ಒಪ್ಪುವುದಿಲ್ಲ.

ಹಾಗಂತ ನಮಗೆ ಇದು ಗೊತ್ತೇ ಇಲ್ಲ ಅನ್ನಬೇಡ. 1975ರ 'ಕಳ್ಳ ಕುಳ್ಳ'ದಲ್ಲಿ ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಜೋಡಿ ಹೇಗಿತ್ತು! ಉದ್ದ ಗಿಡ್ಡ ನೋಡಿಯೇ ಅರ್ಧ ನಗು. 1978ರಲ್ಲಿ ಇದೇ ಜೋಡಿ 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ'. ನಮ್ಮ ಜಿಲ್ಲೆಯ ಅಣ್ಣ ತಮ್ಮ ಅನಂತ್ ನಾಗ್, ಶಂಕರ್ ನಾಗ್ ಸೇರಿ 1980ರಲ್ಲಿ 'ಮಿಂಚಿನ ಓಟ' ಮಾಡಿದರು, ಅಲ್ಲಿ ಇವರು ಕಳ್ಳರ ಪಾರ್ಟು. 2019ರ 'ಅವನೇ ಶ್ರೀಮನ್ನಾರಾಯಣ'ದಲ್ಲಿ ರಕ್ಷಿತ್ ಶೆಟ್ಟಿ ಇನ್ಸ್‌ಪೆಕ್ಟರ್, ಅಚ್ಯುತ್ ಕುಮಾರ್ ಪೇದೆ. ಅಚ್ಯುತಣ್ಣ ಪಕ್ಕದಲ್ಲಿ ಇಲ್ಲದ ಸೀನ್‌ಗಳಲ್ಲಿ ಆ ಸಿನಿಮಾದ ಉಸಿರು ಸ್ವಲ್ಪ ಇಳಿಯುತ್ತದೆ ಅಂತ ನನ್ನ ಅಭಿಪ್ರಾಯ. ಮಲಯಾಳದ 'ನಾಡೋಡಿಕ್ಕಾಟ್ಟು' ಸಿಕ್ಕರೆ ಬಿಡಬೇಡ, 1987ರದು. ಮೋಹನ್‌ಲಾಲ್, ಶ್ರೀನಿವಾಸನ್ ಕೆಲಸವಿಲ್ಲದ ಇಬ್ಬರು. ದುಬೈ ಅಂತ ನಂಬಿ ದೋಣಿಯಿಂದ ಮದ್ರಾಸಿನ ದಂಡೆಗೆ ಇಳಿಯುತ್ತಾರೆ, ಕಳ್ಳಸಾಗಣೆಯವರು ಇವರನ್ನೇ ಸಿಐಡಿ ಅಂತ ತಿಳಿದು ಹೆದರುತ್ತಾರೆ. ಕಡಲ ತೀರದ ಕಥೆ ಬರೆಯುವವರು ನೋಡಲೇಬೇಕಾದ್ದು.

ನಿನ್ನ ಪಿಎಸ್ಐ ಬಗ್ಗೆ ಒಂದು ಮಾತು. ಕಲಬುರಗಿಯವನು ಬೇಡ. ಅಷ್ಟು ದೂರದಿಂದ ತಂದರೆ ಭಾಷೆ, ಊಟ ಅಂತ ಮೇಲಿನ ಮೇಲಿನ ತಮಾಷೆಯೇ ಬರುತ್ತದೆ. ನಮ್ಮ ಜಿಲ್ಲೆಯೊಳಗೇ ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತ ಇದೆಯಲ್ಲ! ಶಿರಸಿ ಕಡೆಯ ಪಿಎಸ್ಐ, ಅಪ್ಪೆಹುಳಿ ಕುಡಿದು ಬೆಳೆದವರು. ಕಾರವಾರದ ಎಎಸ್ಐಗೆ ಬಂಗಡೆ ಇಲ್ಲದಿದ್ದರೆ ಊಟ ಇಳಿಯುವುದಿಲ್ಲ. ಎಎಸ್ಐ ಊರವರ ಜೊತೆ ಕೊಂಕಣಿಯಲ್ಲಿ ಮಾತಾಡಿದರೆ ಪಿಎಸ್ಐ ಮಿಕಮಿಕ ನೋಡಬೇಕು. ಇಬ್ಬರೂ ಇದು ನನ್ನ ಜಿಲ್ಲೆ ಅಂತಲೇ ಹೇಳುತ್ತಾರೆ. ಹತ್ತಿರದವರ ಜಗಳದಲ್ಲಿ ಖಾರ ಜಾಸ್ತಿ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಅಂಕೋಲಾ

ನನ್ನ ಮಗ ಈ ಚರ್ಚೆ ತೋರಿಸಿದ. ಇಲಾಖೆಯಲ್ಲಿ ಇದ್ದವನು ಅಂತ ನಾಲ್ಕು ಮಾತು.

ತಂಗೀ, ಮೊದಲನೆಯದು ಹುದ್ದೆಯ ವಿಷಯ. ಎಎಸ್ಐಗೆ ಹೆಗಲ ಮೇಲೆ ಒಂದು ನಕ್ಷತ್ರ, ಪಿಎಸ್ಐಗೆ ಎರಡು. ಅಂದರೆ ನಿನ್ನ ಕಥೆಯಲ್ಲಿ ತಲೆ ನರೆತ ಮನುಷ್ಯ ಮಗಳ ವಯಸ್ಸಿನ, ಮಗನ ವಯಸ್ಸಿನ ಅಧಿಕಾರಿಗೆ ಸೆಲ್ಯೂಟ್ ಹೊಡೆಯಬೇಕು. ಜೀಪಿನಲ್ಲಿ ಮುಂದಿನ ಸೀಟು ಕಿರಿಯರಿಗೆ. ದಾರಿ ಗೊತ್ತಿರುವುದು ಹಿಂದೆ ಕೂತವರಿಗೆ. ಇದನ್ನು ಬಳಸಿಕೊಂಡರೆ ಬೇರೆ ತಮಾಷೆ ಹುಡುಕುವುದೇ ಬೇಡ. ನಾನು ಇದನ್ನು ಸರ್ವಿಸ್ ಪೂರ್ತಿ ಕಂಡಿದ್ದೇನೆ. ಒಳ್ಳೆಯ ಅಧಿಕಾರಿಗಳು ಮೊದಲ ವಾರದಲ್ಲೇ ಎಎಸ್ಐ ಹತ್ತಿರ ಬಂದು, ಈ ಊರು ಹೇಗೆ ಅಂತ ಕೇಳುತ್ತಿದ್ದರು. ಕೇಳದವರು ಕಷ್ಟಪಟ್ಟರು.

ಎರಡನೆಯದು. ನಮ್ಮ ಕೆಲಸದಲ್ಲಿ ಜೊತೆಗಾರನನ್ನು ನಾವು ಆರಿಸಿಕೊಳ್ಳುವುದಿಲ್ಲ. ಡ್ಯೂಟಿ ಪಟ್ಟಿಯಲ್ಲಿ ಯಾರ ಹೆಸರಿನ ಪಕ್ಕ ನಮ್ಮ ಹೆಸರು ಬಂತೋ ಅವನ ಜೊತೆ ರಾತ್ರಿ ಕಳೆಯಬೇಕು. ನಾಕಾಬಂದಿ ಅಂದರೆ ಹೆದ್ದಾರಿಯಲ್ಲಿ ಬ್ಯಾರಿಕೇಡ್ ಹಾಕಿ ಬೆಳಗಿನ ತನಕ ನಿಲ್ಲುವುದು. ಲಾರಿ ಬಂದರೆ ಕೆಲಸ, ಇಲ್ಲದಿದ್ದರೆ ಮಾತು. ಆ ಮಾತಿನಲ್ಲಿ ಅವನ ಸಾಲ, ಮಗಳ ಮದುವೆ, ಹೊಟ್ಟೆನೋವು ಎಲ್ಲ ನಮಗೆ ಗೊತ್ತಾಗುತ್ತದೆ. ನಮ್ಮದೂ ಅವನಿಗೆ. ಸ್ನೇಹ ಅಂತ ಶುರುವಾದದ್ದಲ್ಲ ಅದು. ಆದರೆ ಕತ್ತಲಲ್ಲಿ ಯಾರಾದರೂ ಕತ್ತಿ ತೆಗೆದರೆ ಪಕ್ಕದಲ್ಲಿ ನಿಲ್ಲುವವನು ಅವನೇ. ಈ ಸಿನಿಮಾಗಳು ನನಗೆ ಹಿಡಿಸುವುದು ಇದಕ್ಕೇ. ದೇಶ ಯಾವುದಾದರೂ ಇರಲಿ, ಕಾರಿನಲ್ಲಿ ಇಬ್ಬರು ಕಾಯುತ್ತ ಕೂತ ಸೀನ್ ಬಂದರೆ ನನಗೆ ಅದರ ವಾಸನೆಯೇ ಬರುತ್ತದೆ. ಚಹಾ, ಬೆವರು, ಒದ್ದೆ ರೇನ್‌ಕೋಟು.

ದೋಣಿಯ ಬದಲು ದಂಡೆಯಲ್ಲಿ ಮಾಲು ಸಿಗುವ ಹಾಗೆ ಬರೆಯಿರಿ. ಕಡಲೊಳಗೆ ಬೆನ್ನಟ್ಟುವುದು ಕರಾವಳಿ ಕಾವಲು ಪೊಲೀಸರ ಕೆಲಸ, ಅವರಿಗೆ ಬೇರೆ ಠಾಣೆ, ಬೇರೆ ಬೋಟು. ಚೆಕ್‌ಪೋಸ್ಟ್‌ನಲ್ಲಿ ಅಬಕಾರಿಯವರು ಬೇರೆ ಇರುತ್ತಾರೆ. ಠಾಣೆಯ ಇಬ್ಬರಿಗೆ ದಂಡೆಯೇ ಸರಿ.

ಅಲ್ಲಿ ಒಂದು ನಿಜವಾದ ಸಂಗತಿ ಹೇಳುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ಒಮ್ಮೆ ನಡುರಾತ್ರಿ ಗಾಳಿ ಮರಗಳ ಅಡಿಯಲ್ಲಿ ಮದ್ಯದ ಪೆಟ್ಟಿಗೆಗಳು ಸಿಕ್ಕವು. ತಂದವರು ಓಡಿಹೋಗಿದ್ದರು. ಪಂಚನಾಮೆ ಮಾಡಲು ಇಬ್ಬರು ಪಂಚರು, ಅಂದರೆ ಸಾಕ್ಷಿಗಳು ಬೇಕು. ಆ ಹೊತ್ತಿಗೆ ಎಲ್ಲಿಂದ ತರುವುದು? ನನ್ನ ಜೊತೆಗಾರ ಹೋಗಿ ಇಬ್ಬರು ಮೀನುಗಾರರನ್ನು ಎಬ್ಬಿಸಿಕೊಂಡು ಬಂದ. ಅವರು ಖಡಕ್ಕಾಗಿ ಹೇಳಿದರು, ನಾವೇ ಎಣಿಸದೆ ಸಹಿ ಹಾಕುವುದಿಲ್ಲ. ಅವರು ಎಣಿಸಿದರು, ಒಂದು ಲೆಕ್ಕ. ಹೊಸ ಸಾಹೇಬರು ಎಣಿಸಿದರು, ಇನ್ನೊಂದು ಲೆಕ್ಕ. ಟಾರ್ಚ್ ಹಿಡಿದವನು ನಾನು. ಬಾಟಲಿ ಮರಳಲ್ಲಿ ಹೂತುಹೋಗುತ್ತವೆ, ಒಂದನ್ನು ಎರಡು ಸಲ ಎಣಿಸುತ್ತಾರೆ. ಒಬ್ಬ ಮೀನುಗಾರ ಸಾಹೇಬರಿಗೆ ಎಣಿಸುವುದು ಹೇಗೆ ಅಂತ ಹೇಳಿಕೊಡತೊಡಗಿದ. ಮೀನಿನ ಬುಟ್ಟಿ ಎಣಿಸುವ ಹಾಗೆ ಹತ್ತತ್ತರ ಸಾಲು ಮಾಡಿಸಿದ. ಬೆಳಕು ಹರಿಯುವ ಹೊತ್ತಿಗೆ ಲೆಕ್ಕ ಕೂಡಿತು. ಸಾಹೇಬರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಸಿನಿಮಾಗಳಲ್ಲಿ ಎಷ್ಟು ಗುಂಡು ಹಾರಿಸಿದರೂ ಯಾರೂ ಒಂದು ಸಾಲು ಬರೆಯುವುದಿಲ್ಲ. ನಮ್ಮಲ್ಲಿ ಒಂದೊಂದು ಗುಂಡಿಗೂ ಲೆಕ್ಕ ಕೊಡಬೇಕು. ನನ್ನ ಮಗ 'ಹಾಟ್ ಫಜ್' ಅಂತ ಒಂದು ತೋರಿಸಿದ, ಇಂಗ್ಲೆಂಡಿನದು. ಅದರಲ್ಲಿ ಅಧಿಕಾರಿ ಫಾರಂ ತುಂಬುವುದನ್ನು ಯುದ್ಧದ ಹಾಗೆ ಪಟಪಟ ತೋರಿಸುತ್ತಾರೆ. ಅದನ್ನು ನೋಡಿ ನನಗೆ ತುಂಬಾ ಸಂತೋಷವಾಯಿತು.

ಟೀಚರ್, ಕುಮಟಾ

ಶಿರಸಿ ಅಣ್ಣ ಹೇಳಿದ ಸಿನಿಮಾಗಳಲ್ಲಿ ಹೆಂಗಸರು ಎಲ್ಲಿ? ನಾನು 2013ರ 'ದ ಹೀಟ್' ಸೇರಿಸುತ್ತೇನೆ. ಸಾಂಡ್ರಾ ಬುಲಕ್ ಎಫ್‌ಬಿಐ, ಮೆಲಿಸಾ ಮೆಕಾರ್ಥಿ ಬಾಸ್ಟನ್ ಪೊಲೀಸ್. ಇಬ್ಬರಿಗೂ ಕೆಲಸದಲ್ಲಿ ಹೆಸರು ಇದೆ, ಇಬ್ಬರಿಗೂ ಗೆಳತಿಯರಿಲ್ಲ. ಅದು ನನಗೆ ತಟ್ಟಿದ್ದು. ಈ ಸಿನಿಮಾಗಳಲ್ಲಿ ಪ್ರೇಮದ ಗೋಜಿಲ್ಲದೆ ಇಬ್ಬರು ದೊಡ್ಡವರು ಒಬ್ಬರಿಗೊಬ್ಬರು ಬೇಕಾಗುವುದನ್ನು ತೋರಿಸುತ್ತಾರೆ. ಮೂವತ್ತು ದಾಟಿದ ಮೇಲೆ ಹೊಸ ಸ್ನೇಹ ಆಗುವುದು ಎಷ್ಟು ಕಷ್ಟ ಅಂತ ಕೆಲಸಕ್ಕೆ ಹೋಗುವ ಯಾರಿಗಾದರೂ ಗೊತ್ತು, ಅಲ್ವಾ? ಹಾಗಾಗಿ ನಿನ್ನ ಪಿಎಸ್ಐ ಹೆಣ್ಣಾಗಲಿ. ಎಎಸ್ಐ ಅವಳಿಗೆ ಅಪ್ಪನ ಹಾಗೆ ಬುದ್ಧಿ ಹೇಳುವುದು ಬೇಡ, ಅವಳು ಅವರ ಮುಂದೆ ತಾನು ಗಟ್ಟಿ ಅಂತ ತೋರಿಸಿಕೊಳ್ಳುವುದೂ ಬೇಡ. ಅವಳಿಗೆ ತನ್ನ ಕೆಲಸ ಬರುತ್ತದೆ, ಊರು ಗೊತ್ತಿಲ್ಲ, ಅಷ್ಟೇ.

ಆದರೆ ನನಗೆ ಒಂದು ಸಿಟ್ಟೂ ಇದೆ. ಈ ಸಿನಿಮಾಗಳಲ್ಲಿ ಪೊಲೀಸರು ಸಿಕ್ಕವರಿಗೆ ಬಡಿಯುತ್ತಾರೆ, ಬಾಗಿಲು ಒದೆಯುತ್ತಾರೆ, ಬೆದರಿಸುತ್ತಾರೆ, ನಾವು ನಗುತ್ತೇವೆ. 'ದ ಹೀಟ್'ನಲ್ಲೂ ಇದೆ. ಬಡವ ಪೊಲೀಸರಿಂದ ಏಟು ತಿನ್ನುವುದನ್ನು ನಗೆಯಾಗಿ ತೋರಿಸಬೇಡಿ. ನಿನ್ನ ಕಥೆಯಲ್ಲಿ ಮದ್ಯ ಹೊತ್ತು ತರುವ ಹುಡುಗ ಯಾರೋ ಕೂಲಿಗೆ ಬಂದವನಿರುತ್ತಾನೆ. ಅವನ ಕೆನ್ನೆಗೆ ಬಾರಿಸಿ ನಗಿಸಿದರೆ ನಾನಂತೂ ನಗುವುದಿಲ್ಲ. ನಗು ಈ ಇಬ್ಬರ ಮೇಲೆಯೇ ಬೀಳಲಿ.

ಮಕ್ಕಳಿಗೆ ನಾನು ತೋರಿಸುವುದು 2016ರ 'ಝೂಟೋಪಿಯಾ'. ಮೊಲ ಪೊಲೀಸ್, ನರಿ ಮೋಸಗಾರ. ಮೊಲಕ್ಕೆ ನರಿಯ ಬಗ್ಗೆ ಒಳಗೊಳಗೇ ಒಂದು ಹೆದರಿಕೆ, ಅದು ಎಲ್ಲರ ಎದುರಿಗೆ ಬಾಯಿಂದ ಬಂದುಬಿಡುತ್ತದೆ. ನರಿಗೆ ನೋವಾಗುತ್ತದೆ. ನನ್ನ ಕ್ಲಾಸಿನ ಹುಡುಗರು ಆ ಜಾಗದಲ್ಲಿ ಗಪ್‌ಚಿಪ್. ಇಡೀ ಜೋಡಿ ಸಿನಿಮಾದ ಗುಟ್ಟು ಆ ಒಂದು ಸೀನ್‌ನಲ್ಲಿದೆ. ನಗಿಸಿದವರಿಬ್ಬರು ಒಬ್ಬರನ್ನೊಬ್ಬರು ನಿಜವಾಗಿ ನೋಯಿಸಬಲ್ಲರು ಅಂತ ಗೊತ್ತಾದರೆ ಮಾತ್ರ ಆಮೇಲೆ ಅವರು ಒಂದಾಗುವುದು ನಮಗೆ ಬೇಕು ಅನ್ನಿಸುತ್ತದೆ.

ಕಾಳಿದಂಡೆ, ಕಾರವಾರ

ಎಷ್ಟು ಸಿಕ್ಕಿತು ನನಗೆ! ಎಲ್ಲರಿಗೂ ಧನ್ಯವಾದ. ಪಿಎಸ್ಐ ಈಗ ಸಿದ್ದಾಪುರ ಕಡೆಯ ಹುಡುಗಿ. ಪಂಚನಾಮೆಯ ಸೀನ್ ಖಂಡಿತ ಬರುತ್ತದೆ, ಅಂಕೋಲೆಯ ಕಾಕಾ, ನಿಮ್ಮ ಅನುಮತಿ ಸಿಕ್ಕಿತು ಅಂತ ತಿಳಿದುಕೊಂಡಿದ್ದೇನೆ. ಟೀಚರ್, ಹೊರೆ ಹೊರುವ ಹುಡುಗನಿಗೆ ಹೆಸರು, ಮನೆ ಎಲ್ಲ ಕೊಟ್ಟೆ. ಎಎಸ್ಐಗೆ ಅವನ ಅಪ್ಪನ ಪರಿಚಯ ಇದೆ, ಹಾಗಾಗಿ ಹಿಡಿಯಲು ಹಿಂಜರಿಯುತ್ತಾರೆ. ಅಲ್ಲಿ ಪಿಎಸ್ಐ ಆಡುವ ಒಂದು ಮಾತು ಎಎಸ್ಐಗೆ ನಾಟುತ್ತದೆ.

ಉಳಿದದ್ದು ಬೆನ್ನಟ್ಟುವ ಸೀನ್. ದೋಣಿ ಬಿಟ್ಟೆ. ನಮ್ಮ ಹತ್ತಿರ ದುಡ್ಡಿಲ್ಲ. ಕೇಳಿ ತಂದ ಒಂದು ಓಮ್ನಿ, ಒಂದು ಸ್ಕೂಟರ್, ಒಂದು ಕ್ಯಾಮೆರಾ, ಅಷ್ಟೇ. ಇಷ್ಟರಲ್ಲಿ ಆಕ್ಷನ್ ಆಗುತ್ತದಾ?

ಕ್ಯಾಸೆಟ್ ಅಂಗಡಿ, ಶಿರಸಿ

ಧಾರಾಳ ಆಗುತ್ತದೆ. ಕಾಕಾ ಹೇಳಿದ 'ಹಾಟ್ ಫಜ್' 2007ರದು, ನಿರ್ದೇಶನ ಎಡ್ಗರ್ ರೈಟ್. ಲಂಡನ್ನಿನ ಅತಿ ಚುರುಕು ಅಧಿಕಾರಿಯನ್ನು ಒಂದು ಹಳ್ಳಿಗೆ ಎತ್ತಂಗಡಿ ಮಾಡಿರುತ್ತಾರೆ. ಅಲ್ಲಿ ಅವನಿಗೆ ಸಿಗುವ ಕೆಲಸ ತಪ್ಪಿಸಿಕೊಂಡ ಹಂಸ ಹಿಡಿಯುವುದು! ಅದರಲ್ಲಿ ಒಂದು ಓಟ ಇದೆ. ಕಳ್ಳ ಹಿತ್ತಲುಗಳನ್ನು ದಾಟಿ ಓಡುತ್ತಾನೆ. ಲಂಡನ್ನಿನವನು ಬೇಲಿಗಳನ್ನು ಸರಸರ ಹಾರಿ ಹೋಗುತ್ತಾನೆ. ಹಿಂದೆ ಬಂದ ಊರಿನ ಪೊಲೀಸ್ ತಾನೂ ಹಾರಲು ಹೋಗಿ ಬೇಲಿಯನ್ನೇ ಮುರಿದುಕೊಂಡು ಬೀಳುತ್ತಾನೆ. ಖರ್ಚು ಒಂದು ಮರದ ಬೇಲಿ. ಇಬ್ಬರ ಸ್ವಭಾವ ಒಂದು ಮಾತೂ ಇಲ್ಲದೆ ಗೊತ್ತಾಯಿತು.

ಜಾಕಿ ಚಾನ್ ಹತ್ತಿರ ಕಲಿಯುವುದೂ ಇದೇ. 'ರಶ್ ಅವರ್' ಕೊನೆಯಲ್ಲಿ ಚೀನಾದ ಹಳೆಯ ಕಲಾವಸ್ತುಗಳ ಪ್ರದರ್ಶನದ ನಡುವೆ ಹೊಡೆದಾಟ. ಆತ ಹೊಡೆಯುತ್ತಲೂ ಇರಬೇಕು, ಬೀಳುವ ದೊಡ್ಡ ಹೂಜಿಯನ್ನು 'ಅಯ್ಯೋ' ಅಂತ ತಬ್ಬಿ ಹಿಡಿಯಲೂ ಬೇಕು. ಒಂದೇ ಮೈಗೆ ಎರಡು ಕೆಲಸ. ನಗು ಅಲ್ಲಿಂದ ಬರುತ್ತದೆ. ಅದನ್ನು ದೂರದಿಂದ, ಪೂರ್ತಿ ಮೈ ಕಾಣುವ ಹಾಗೆ ತೆಗೆದಿದ್ದಾರೆ. ನೀವೂ ಹಾಗೇ ಮಾಡಿ. ಮುಖದ ಹತ್ತಿರ ಕ್ಯಾಮೆರಾ ಅಲ್ಲಾಡಿಸಿದರೆ ನೋಡುವವರಿಗೆ ಏನೂ ಕಾಣುವುದಿಲ್ಲ.

ನಿನ್ನ ಸೀನ್ ನನಗೆ ಹೀಗೆ ಕಾಣುತ್ತಿದೆ. ಕಾರವಾರದ ಭಾನುವಾರದ ಸಂತೆ. ಹುಡುಗ ಓಡುತ್ತಾನೆ, ಪಿಎಸ್ಐ ಹಿಂದೆ. ಅವಳ ಓಟ ಚೆನ್ನಾಗಿದೆ, ಆದರೆ ಸಂತೆಯ ಓಣಿಗಳು ಗೊತ್ತಿಲ್ಲ. ಒಮ್ಮೆ ತರಕಾರಿ ಸಾಲಿಗೆ, ಇನ್ನೊಮ್ಮೆ ಒಣಮೀನಿನ ಸಾಲಿಗೆ. ಅಲ್ಲಿ ಮೂಗು ಮುಚ್ಚಿಕೊಳ್ಳಬೇಕು, ಹಾಗಾಗಿ ಒಂದೇ ಕೈ ಬೀಸಿಕೊಂಡು ಓಡುತ್ತಾಳೆ. ಎಎಸ್ಐ ಓಡುವುದೇ ಇಲ್ಲ. ನಾಲ್ಕು ಹೆಜ್ಜೆಗೆ ಒಬ್ಬರು ಸಿಗುತ್ತಾರೆ. ಒಬ್ಬಳ ಹತ್ತಿರ ಮಗನ ಕೆಲಸದ ಬಗ್ಗೆ ಕೇಳುತ್ತಾರೆ, ಇನ್ನೊಬ್ಬರ ಹತ್ತಿರ ಮಂಡಿನೋವಿನ ಬಗ್ಗೆ ಕೇಳುತ್ತಾರೆ, ಮಾತಿನ ನಡುವೆ ಹುಡುಗ ಯಾವ ಕಡೆ ಹೋದ ಅಂತಲೂ ಕೇಳಿಬಿಡುತ್ತಾರೆ. ನಿನ್ನ ಸ್ಕೂಟರ್ ಹಿಂದೆ ಕೂತು ಇನ್ನೊಂದು ತುದಿಗೆ ಬರುತ್ತಾರೆ. ಅಲ್ಲಿ ಮೂವರೂ ಎದುರಾಗುತ್ತಾರೆ. ಅವಳ ಓಟ ಇಲ್ಲದಿದ್ದರೆ ಹುಡುಗ ಅಷ್ಟು ದೂರ ಬರುತ್ತಿರಲಿಲ್ಲ. ಇವರ ಪರಿಚಯ ಇಲ್ಲದಿದ್ದರೆ ಅಲ್ಲಿ ಸಿಗುತ್ತಿರಲಿಲ್ಲ. ಇಬ್ಬರಿಗೂ ಇದು ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದು ಬೇಡ. ಹಿಡಿದದ್ದು ಯಾರು ಅಂತ ಜೀಪಿನಲ್ಲಿ ಜಗಳ ಮುಂದುವರಿಯಲಿ.

ಶೂಟಿಂಗ್ ವೇಳೆ ಬಿದ್ದದ್ದು, ಎಡವಿದ್ದು ಎಲ್ಲ ಇಟ್ಟುಕೊಳ್ಳಿ. ಜಾಕಿ ಚಾನ್ ಸಿನಿಮಾಗಳ ಕೊನೆಯಲ್ಲಿ ಹೆಸರು ಬರುವಾಗ ಅದನ್ನೇ ತೋರಿಸುತ್ತಾರೆ. ನನ್ನ ಗಿರಾಕಿಗಳು ಅದು ಮುಗಿಯುವ ತನಕ ಟಿವಿ ಆರಿಸುತ್ತಿರಲಿಲ್ಲ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಅಂಕೋಲಾ

ಪಂಚನಾಮೆ ಸೀನ್ ಧಾರಾಳವಾಗಿ ಬಳಸಿ, ಮಗಳೇ. ಯೂನಿಫಾರ್ಮ್ ಹಾಕಿಕೊಂಡು ಸಂತೆಯಲ್ಲಿ ಓಡುವ ಮುಂಚೆ ಠಾಣೆಗೆ ಒಂದು ಅರ್ಜಿ ಬರೆದು ಕೊಡಿ, ತಾರೀಕು ಸಮಯ ಹಾಕಿ. ಇಲ್ಲದಿದ್ದರೆ ಜನ ನಿಜವಾದ ಪೊಲೀಸ್ ಅಂತ ತಿಳಿದು ಹುಡುಗನಿಗೆ ನಾಲ್ಕು ಬಿಟ್ಟಾರು. ನೌಕಾನೆಲೆಯ ಕಡೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಹಾರಿಸಲೇಬೇಡಿ. ಎಎಸ್ಐ ಪಾತ್ರಕ್ಕೆ ಜನ ಸಿಗದಿದ್ದರೆ ತಿಳಿಸಿ, ನಮ್ಮ ಬ್ಯಾಚಿನ ಒಬ್ಬರು ಕಾರವಾರದಲ್ಲೇ ಇದ್ದಾರೆ. ಅವರು ಸಂತೆಯಲ್ಲಿ ನಡೆದರೆ ನಿಜವಾಗಿಯೂ ನಾಲ್ಕು ಹೆಜ್ಜೆಗೆ ಒಬ್ಬರು ನಿಲ್ಲಿಸುತ್ತಾರೆ.